ಮಲಪ್ರಭೆಯ ಲೆಕ್ಕದಲ್ಲಿ ಮಾಮಾನ ಮೋಟಾರ್ ಎಲ್ಲಿದೆ?

ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡಿದ್ದು ನಮ್ಮ ಹೊಳೆಯನ್ನೇ. ಮಲಪ್ರಭೆಯ ಕಣಿವೆಯಲ್ಲಿ ಇಷ್ಟು ಮಳೆ ಬಿದ್ದರೆ ನವಿಲುತೀರ್ಥದ ಜಲಾಶಯಕ್ಕೆ ಎಷ್ಟು ನೀರು ಬರುತ್ತೆ ಅಂತ ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕುವ ಕೆಲಸ. ರಜೆಗೆ ಯರಗಟ್ಟಿಗೆ ಬಂದಾಗ ಲ್ಯಾಪ್‌ಟಾಪ್ ತೆರೆದು ಸೋದರಮಾವನಿಗೆ ತೋರಿಸಿದೆ. ಅವರದು ಬೈಲಹೊಂಗಲ ತಾಲ್ಲೂಕಿನಲ್ಲಿ ಹೊಳೆದಂಡೆಯ ಹೊಲ. ಕಣಿವೆಯನ್ನು ಬಣ್ಣ ಬಣ್ಣದ ತುಂಡುಗಳಾಗಿ ಒಡೆದ ನಕ್ಷೆ: ಹಸಿರು ಕಾಡು, ಹಳದಿ ಹೊಲ, ನೀಲಿ ಗೆರೆಯ ನದಿ. ಮಾಮಾ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಚಲೋ ಮಾಡಿ ಬಿಡಪಾ. ಆದ್ರ ಅಳಿಯಾ, ಇದರಾಗ ನಮ್ಮ ಮೋಟಾರ್ ಎಲ್ಲೈತಿ?"

ನಾನು ನಕ್ಕೆ. ಮೋಟಾರ್ ಎಲ್ಲ ಇದರಲ್ಲಿ ಬರಲ್ಲ ಮಾಮಾ, ಇದು ಮಳೆ, ಮಣ್ಣು, ಇಳಿಜಾರಿನ ಲೆಕ್ಕ ಅಂದೆ. ಅವರು "ಹೌದೇನು" ಅಂದು ಎದ್ದು ಹೋದರು. ಆ "ಹೌದೇನು" ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ. ಯಾಕೆಂದರೆ ಮಾಮಾ ಕೇಳಿದ್ದು ಹಳ್ಳಿಯವನ ಮುಗ್ಧ ಪ್ರಶ್ನೆ ಅಲ್ಲ. ಮಲಪ್ರಭೆ, ಮಹದಾಯಿ, ಕೃಷ್ಣಾ ಅಂತ ನಾವು ದಶಕಗಳಿಂದ ಕಿತ್ತಾಡುತ್ತಿರುವ ಪ್ರತಿ ಟಿಎಂಸಿಯ ಬುಡದಲ್ಲಿರುವ ಪ್ರಶ್ನೆ ಅದು.

ಈ ಬರಹದಲ್ಲಿ ನಾನು ಹೇಳಬೇಕಾದ್ದು ಇಷ್ಟು: ನದಿಯಲ್ಲಿ ಎಷ್ಟು ನೀರಿದೆ ಎಂಬುದು ಕೇವಲ ವಿಜ್ಞಾನ ಅಲ್ಲ. ಯಾರನ್ನು ಲೆಕ್ಕಕ್ಕೆ ಹಿಡಿದಿದ್ದೇವೆ, ಯಾರನ್ನು ಬಿಟ್ಟಿದ್ದೇವೆ ಎಂಬ ರಾಜಕೀಯ ಅದರೊಳಗಿದೆ. ಮತ್ತು ಉತ್ತರ ಕರ್ನಾಟಕದವರಾದ ನಾವು ಗೋವಾದ ಲೆಕ್ಕವನ್ನು ಪ್ರಶ್ನಿಸುವಷ್ಟೇ ಜೋರಾಗಿ ನಮ್ಮ ಲೆಕ್ಕವನ್ನೂ ಪ್ರಶ್ನಿಸಬೇಕಿದೆ.

ಒಂದೇ ಹೊಳೆ, ಎರಡು ದೇಶ

ನಕ್ಷೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಪಶ್ಚಿಮಘಟ್ಟದ ನೆತ್ತಿಯ ಮೇಲೆ. ಅಲ್ಲಿಂದ ಪೂರ್ವಕ್ಕೆ ಹರಿದು, ಕಿತ್ತೂರು–ಬೈಲಹೊಂಗಲ ಸೀಮೆ ದಾಟಿ, ಸವದತ್ತಿ ಬಳಿ ನವಿಲುತೀರ್ಥದ ಕಂದರದಲ್ಲಿ ಅಣೆಕಟ್ಟಿಗೆ ಬಂದು ನಿಲ್ಲುತ್ತದೆ. ಮುಂದೆ ಮುನವಳ್ಳಿ, ರಾಮದುರ್ಗ, ಪಟ್ಟದಕಲ್ಲು, ಐಹೊಳೆ ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಒಟ್ಟು 300 ಕಿ.ಮೀ.ಗೆ ಸ್ವಲ್ಪ ಹೆಚ್ಚು. ನಮ್ಮ ಯರಗಟ್ಟಿ ಇರುವುದು ದಕ್ಷಿಣದ ಮಲಪ್ರಭೆ ಮತ್ತು ಉತ್ತರದ ಘಟಪ್ರಭೆಯ ನಡುವೆ. ಎರಡು ನದಿಗಳ ಹೆಸರು ಹೇಳಿಕೊಂಡು, ಬೋರ್‌ವೆಲ್ ನಂಬಿಕೊಂಡು ಬದುಕುವ ಊರು.

ಕಣಕುಂಬಿ ಕಡೆ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ. ಸವದತ್ತಿ ಕಡೆ ಬಂದರೆ 600 ಮಿ.ಮೀ. ಆಸುಪಾಸು. ನಡುವೆ ಇರುವುದು ಸುಮಾರು 100 ಕಿ.ಮೀ. ಮಾತ್ರ. ಒಂದೇ ಹೊಳೆಯ ಕಣಿವೆಯಲ್ಲಿ ಎರಡು ಬೇರೆ ದೇಶಗಳಿದ್ದ ಹಾಗೆ. ರೇಣುಕಾಸಾಗರದ ಒಟ್ಟು ಸಾಮರ್ಥ್ಯ 37.73 ಟಿಎಂಸಿ. ಅದರ ಬಹುಪಾಲು ನೀರು ಬರುವುದು ಖಾನಾಪುರದ ಕಾಡಿನಿಂದ. ಆದರೆ ಅದನ್ನು ಕಾಯುತ್ತ ಕೂತವರು ಸವದತ್ತಿ, ರಾಮದುರ್ಗ, ನವಲಗುಂದ, ನರಗುಂದ, ಬಾದಾಮಿ, ರೋಣದ ಎರೆಹೊಲದವರು. ಯೋಜನೆಯ ಪ್ರಕಾರ ಸುಮಾರು 2.18 ಲಕ್ಷ ಹೆಕ್ಟೇರ್. ಇದರ ಜೊತೆಗೆ ಹುಬ್ಬಳ್ಳಿ–ಧಾರವಾಡದ ನಲ್ಲಿಗಳೂ ಇದೇ ಜಲಾಶಯವನ್ನು ನೆಚ್ಚಿಕೊಂಡಿವೆ.

ಬ್ರಿಟಿಷರ ಕಾಲದ ಸೂತ್ರ, ಇವತ್ತಿನ ಪಾಠ

ಕಾಲೇಜಿನಲ್ಲಿ ನಮಗೆ ಒಂದು ಸೂತ್ರ ಕಲಿಸಿದ್ದರು. 1929ರಲ್ಲಿ ಇಂಗ್ಲಿಸ್ ಮತ್ತು ಡಿಸೋಜಾ ಎಂಬ ಇಂಜಿನಿಯರುಗಳು ಪಶ್ಚಿಮ ಭಾರತದ 53 ಕಡೆ ಹೊಳೆಯ ಹರಿವು ಅಳೆದು ಕೊಟ್ಟ ಸೂತ್ರ. ಘಟ್ಟಕ್ಕೆ ಒಂದು, ದಖ್ಖನ್ ಬಯಲಿಗೆ ಇನ್ನೊಂದು. ಘಟ್ಟದಲ್ಲಿ ಮಳೆಯನ್ನು ಸೆಂಟಿಮೀಟರಿನಲ್ಲಿ ಹಿಡಿದು 0.85ರಿಂದ ಗುಣಿಸಿ 30.5 ಕಳೆಯಿರಿ. ಬಯಲಿನಲ್ಲಿ ಮಳೆಯಿಂದ 17.8 ಕಳೆದು, ಅದನ್ನು ಮಳೆಯಿಂದಲೇ ಗುಣಿಸಿ, 254ರಿಂದ ಭಾಗಿಸಿ. ಬಂದದ್ದು ಹರಿದು ಹೋಗುವ ನೀರು.

ಮೊಬೈಲ್ ತೆಗೆದು ನೀವೇ ಮಾಡಿ ನೋಡಿ. ಘಟ್ಟದಲ್ಲಿ 300 ಸೆಂ.ಮೀ. ಮಳೆಯಾದರೆ ಸುಮಾರು 224 ಸೆಂ.ಮೀ. ಹೊಳೆಗೆ ಬರುತ್ತದೆ. ಅಂದರೆ ಮುಕ್ಕಾಲು ಪಾಲು. ಬಯಲಿನಲ್ಲಿ 60 ಸೆಂ.ಮೀ. ಬಿದ್ದರೆ ಬರುವುದು 10 ಸೆಂ.ಮೀ. ಅಂದರೆ ಆರರಲ್ಲಿ ಒಂದು ಪಾಲು. ಈಗ ಬಯಲಿನ ಮಳೆಯನ್ನು 60ರಿಂದ 50ಕ್ಕೆ ಇಳಿಸಿ. ಹರಿವು 10ರಿಂದ 6.3ಕ್ಕೆ ಬೀಳುತ್ತದೆ. ಮಳೆ ಕಡಿಮೆಯಾಗಿದ್ದು ಆರರಲ್ಲಿ ಒಂದು ಪಾಲು, ಹಳ್ಳದ ನೀರು ಕಡಿಮೆಯಾಗಿದ್ದು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು.

"ಮಳಿ ಸ್ವಲ್ಪ ಕಮ್ಮಿ ಆತು ಅಷ್ಟ, ಆದ್ರ ಹಳ್ಳ ಹರೀಲೇ ಇಲ್ಲ" ಅಂತ ನಮ್ಮ ಕಡೆ ಹಿರಿಯರು ಹೇಳುವುದಕ್ಕೆ ಇದೇ ಕಾರಣ. ನೆಲ ಮೊದಲು ತನ್ನ ದಾಹ ತೀರಿಸಿಕೊಳ್ಳುತ್ತದೆ, ಉಳಿದದ್ದನ್ನಷ್ಟೇ ಹೊಳೆಗೆ ಬಿಡುತ್ತದೆ.

ಈಗಿನ ಮಾದರಿಗಳು ಇದಕ್ಕಿಂತ ಬಹಳ ಮುಂದೆ ಹೋಗಿವೆ. ನಾನು ಬಳಸಿದ 'ಸ್ವಾಟ್' ಅಮೆರಿಕದ ಕೃಷಿ ಇಲಾಖೆಯವರ ಉಚಿತ ಸಾಫ್ಟ್‌ವೇರ್. ಮಣ್ಣು, ಬೆಳೆ, ಇಳಿಜಾರು ಒಂದೇ ತೆರನಾಗಿರುವ ತುಂಡುಗಳಾಗಿ ಕಣಿವೆಯನ್ನು ಒಡೆದು, ಪ್ರತಿ ತುಂಡಿನಲ್ಲೂ ದಿನದಿನದ ಜಮಾ–ಖರ್ಚು ಬರೆಯುತ್ತದೆ. ಬಿದ್ದ ಮಳೆ ಜಮಾ. ಆವಿಯಾಗಿದ್ದು, ಗಿಡ ಕುಡಿದಿದ್ದು, ಇಂಗಿದ್ದು, ಹರಿದಿದ್ದು ಖರ್ಚು. ಭಾರತ, ಆಫ್ರಿಕಾ, ಆಗ್ನೇಯ ಏಷ್ಯಾದ ನದಿಗಳ ಬಗ್ಗೆ ಬರುವ ಸಾವಿರಾರು ಪ್ರಬಂಧಗಳು ನಿಂತಿರುವುದು ಇಂಥ ಮಾದರಿಗಳ ಮೇಲೆ.

ಸಮಸ್ಯೆ ಮಾದರಿಯದಲ್ಲ. ಅದಕ್ಕೆ ನಾವು ಉಣಿಸುವ ಅಂಕಿಯದು.

ಮ್ಯಾಚ್ ಆಯ್ತು, ಆದರೆ ಹೇಗೆ?

ನನ್ನ ಮಾದರಿ ಮೊದಲ ಸಲ ಓಡಿದಾಗ ಲೆಕ್ಕದ ಹರಿವು ಅಳೆದ ಹರಿವಿಗಿಂತ ಬಹಳ ಹೆಚ್ಚು ಬಂತು. ಅದರಲ್ಲೂ ಮಳೆಗಾಲ ಮುಗಿದ ಮೇಲೆ. ಕಂಪ್ಯೂಟರ್ ಪ್ರಕಾರ ನವೆಂಬರ್‌ನಲ್ಲಿ ಹೊಳೆ ಇನ್ನೂ ಹರೀತಿರಬೇಕು. ದಾಖಲೆಯಲ್ಲಿ ಅದು ಸೊರಗಿತ್ತು.

ಆಗ ಎಲ್ಲ ವಿದ್ಯಾರ್ಥಿಗಳು ಮಾಡುವುದನ್ನೇ ನಾನೂ ಮಾಡಿದೆ. ಮಣ್ಣು ಹೆಚ್ಚು ನೀರು ಹಿಡಿದಿಡುತ್ತದೆ ಅಂತ ಒಂದು ಸಂಖ್ಯೆ ತಿರುಗಿಸಿದೆ. ಅಂತರ್ಜಲ ಆಳಕ್ಕೆ ಇಳಿದುಹೋಗುತ್ತದೆ ಅಂತ ಇನ್ನೊಂದು ತಿರುಗಿಸಿದೆ. ರೇಡಿಯೊ ಟ್ಯೂನ್ ಮಾಡಿದ ಹಾಗೆ. ಎರಡು ಗೆರೆಗಳು ಒಂದರ ಮೇಲೊಂದು ಕೂತವು. ಮೇಲ್ವಿಚಾರಕರು "ಮ್ಯಾಚ್ ಆಯ್ತಲ್ಲ, ಬಿಡು" ಅಂದರು. ಒಳ್ಳೆ ಅಂಕವೂ ಬಂತು.

ನಿಜವಾಗಿ ಆಗಿದ್ದೇನು? ಮಳೆಗಾಲ ಮುಗಿದ ಮೇಲೆ ಹೊಳೆ ಸೊರಗಿದ್ದು ಮಣ್ಣು ಕುಡಿದದ್ದಕ್ಕಷ್ಟೇ ಅಲ್ಲ, ದಂಡೆಯ ಮೋಟಾರುಗಳು ಎತ್ತಿದ್ದಕ್ಕೂ. ನಾನು ಮಾಮಾನ ಕಬ್ಬಿನ ನೀರನ್ನು ಮಣ್ಣಿನ ಖಾತೆಗೆ ಬರೆದಿದ್ದೆ. ಉತ್ತರ ಸರಿ ಬಂದಿತ್ತು, ಕಾರಣ ತಪ್ಪಾಗಿತ್ತು. ಬ್ರಿಟನ್ನಿನ ಜಲವಿಜ್ಞಾನಿ ಕೀತ್ ಬೆವೆನ್ ದಶಕಗಳಿಂದ ಎಚ್ಚರಿಸುತ್ತ ಬಂದಿರುವುದು ಇದನ್ನೇ: ಹತ್ತು ಬೇರೆ ಬೇರೆ ದಾರಿಯಲ್ಲಿ ಒಂದೇ ಉತ್ತರಕ್ಕೆ ಬರಬಹುದು, ಹಾಗಾಗಿ ಉತ್ತರ ಹೊಂದಿತು ಅಂದ ಮಾತ್ರಕ್ಕೆ ದಾರಿ ಸರಿ ಅಲ್ಲ.

ಕಾಲೇಜು ಪ್ರಾಜೆಕ್ಟಿನಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಇದೇ ತಪ್ಪು ಯೋಜನಾ ವರದಿಯಲ್ಲಿ ನುಸುಳಿದರೆ? "ನೀರು ಕಡಿಮೆ ಯಾಕಾಯ್ತು" ಅಂದರೆ "ಮಳೆ ಮತ್ತು ಮಣ್ಣು" ಅಂತ ಉತ್ತರ ಬರುತ್ತದೆ. ಮಳೆ–ಮಣ್ಣಿಗೆ ಪರಿಹಾರ ಒಂದೇ, ಬೇರೆ ನದಿಯಿಂದ ನೀರು ತರೋದು. "ಎತ್ತುವಳಿ" ಅಂತ ಉತ್ತರ ಬಂದಿದ್ದರೆ ಪರಿಹಾರದ ಪಟ್ಟಿಯೇ ಬೇರೆ ಆಗ್ತಿತ್ತು.

ಅಳತೆಗೋಲು ಬದಲಾದರೆ ನದಿ ಉಬ್ಬುತ್ತದೆ

ಮಹದಾಯಿ ವಿವಾದವನ್ನೇ ತಗೊಳ್ಳಿ. ಆ ಕಣಿವೆಯಲ್ಲಿ ಎಷ್ಟು ನೀರಿದೆ? ಕೇಂದ್ರ ಜಲ ಆಯೋಗ 2003ರಲ್ಲಿ 199.6 ಟಿಎಂಸಿ ಅಂದಿತು. ಗೋವಾ 113 ಟಿಎಂಸಿ ಚಿಲ್ಲರೆ ಅಂದಿತು. 2010ರಲ್ಲಿ ರಚನೆಯಾದ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ತೀರ್ಪು ಕೊಟ್ಟಾಗ 188.06 ಟಿಎಂಸಿ ಅಂತ ನಿರ್ಧರಿಸಿತು. ನದಿ ಒಂದೇ, ಮಳೆ ಒಂದೇ. ಅತಿ ದೊಡ್ಡ ಮತ್ತು ಅತಿ ಸಣ್ಣ ಅಂಕಿಯ ನಡುವೆ 86 ಟಿಎಂಸಿ ಅಂತರ. ಎರಡು ರೇಣುಕಾಸಾಗರಕ್ಕಿಂತ ಹೆಚ್ಚು!

ಈ ಅಂಕಿಗಳೆಲ್ಲ "ಶೇ. 75ರ ಭರವಸೆ"ಯವು. ಅಂದರೆ ನೂರು ವರ್ಷದಲ್ಲಿ 75 ವರ್ಷವಾದರೂ ಇಷ್ಟು ನೀರು ಬಂದೇ ಬರುತ್ತದೆ ಅನ್ನುವ ಮಟ್ಟ. ನಲವತ್ತು ವರ್ಷದ ಹರಿವನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಬರೆದರೆ ಸುಮಾರು 31ನೇ ಸಾಲಿನಲ್ಲಿರುವುದು. ಯಾವ ನಲವತ್ತು ವರ್ಷ ತಗೊಂಡಿರಿ, ಅಳತೆ ಇಲ್ಲದ ವರ್ಷಗಳನ್ನು ಯಾವ ಮಾದರಿಯಿಂದ ತುಂಬಿದಿರಿ, ಎಷ್ಟನೇ ಸಾಲಿಗೆ ಬೆರಳಿಟ್ಟಿರಿ ಎಂಬುದರ ಮೇಲೆ ನಿಮ್ಮ ನದಿಯ ಗಾತ್ರ ನಿಂತಿದೆ.

ಕೃಷ್ಣೆಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಬಚಾವತ್ ನ್ಯಾಯಮಂಡಳಿ 1973ರಲ್ಲಿ ಶೇ. 75ರ ಭರವಸೆಯಲ್ಲಿ 2,060 ಟಿಎಂಸಿ ಎಂದಿತು. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 47 ವರ್ಷಗಳ ದಾಖಲೆ ಹಿಡಿದು ಶೇ. 75ಕ್ಕೆ 2,173, ಶೇ. 65ಕ್ಕೆ 2,293, ಸರಾಸರಿಗೆ 2,578 ಟಿಎಂಸಿ ಅಂತ ಲೆಕ್ಕ ಹಾಕಿ, ಹಂಚಿಕೆಗೆ ಶೇ. 65ನ್ನೂ ಸರಾಸರಿಯನ್ನೂ ಬಳಸಿತು. ಬೆರಳು ಶೇ. 75ರಿಂದ 65ಕ್ಕೆ ಜರುಗಿದ್ದಕ್ಕೆ 120 ಟಿಎಂಸಿ "ಹೊಸ" ನೀರು ಸಿಕ್ಕಿತು. ಆಕಾಶದಿಂದ ಒಂದು ಹನಿಯೂ ಹೆಚ್ಚು ಬೀಳಲಿಲ್ಲ. ನಮಗೆ ಪಾಲು ಜಾಸ್ತಿ ಸಿಕ್ಕಿತು ಅಂತ ಖುಷಿಪಟ್ಟೆವು. ಆದರೆ ಅದರ ಜೊತೆಗೆ, ನೂರರಲ್ಲಿ 25ರ ಬದಲು 35 ವರ್ಷ ಕೊರತೆ ಅನುಭವಿಸುವುದಕ್ಕೂ ಒಪ್ಪಿದೆವು. ಇದನ್ನು ರೈತರಿಗೆ ಯಾರಾದರೂ ಹೇಳಿದ್ದು ನಿಮಗೆ ನೆನಪಿದೆಯಾ?

ಇದು ನಮ್ಮೊಬ್ಬರ ಕತೆಯಲ್ಲ. ಅಳತೆ ಕೇಂದ್ರಗಳಿಲ್ಲದ ಕಣಿವೆಗಳಲ್ಲಿ ಹರಿವನ್ನು ಹೇಗೆ ಅಂದಾಜಿಸುವುದು ಅಂತ ಜಗತ್ತಿನ ಜಲವಿಜ್ಞಾನಿಗಳ ಸಂಘ 2003ರಿಂದ 2012ರವರೆಗೆ ಒಂದು ಇಡೀ ದಶಕದ ಅಭಿಯಾನ ನಡೆಸಿತು. ಬಡ ದೇಶಗಳ ಬಹುತೇಕ ಕಣಿವೆಗಳ ಪರಿಸ್ಥಿತಿ ಇದೇ. ನೈಲ್ ಕಣಿವೆಯ ದೇಶಗಳು ಎಷ್ಟೇ ಜಗಳವಿದ್ದರೂ ಒಂದು ಸಾಮಾನ್ಯ ಮಾದರಿ ವ್ಯವಸ್ಥೆಯನ್ನು ಕಟ್ಟಿಕೊಂಡವು. ಅದರಿಂದ ಜಗಳ ನಿಂತಿತು ಅಂತಲ್ಲ. ಕನಿಷ್ಠ ಜಗಳ ಯಾವ ಅಂಕಿಯ ಮೇಲೆ ಅನ್ನುವುದಾದರೂ ಎದುರಾಬದುರು ಕೂತು ಮಾತಾಡಲು ಒಂದು ಮೇಜು ಸಿಕ್ಕಿತು. ನಮ್ಮಲ್ಲಿ ಕರ್ನಾಟಕದ ತಜ್ಞರ ಮಾದರಿ ಬೇರೆ, ಗೋವಾದ ತಜ್ಞರ ಮಾದರಿ ಬೇರೆ. ಎರಡೂ ಸಂಧಿಸುವುದು ಕೋರ್ಟಿನಲ್ಲಿ, ವಕೀಲರ ಬಾಯಲ್ಲಿ.

3.9 ಟಿಎಂಸಿ ಎಷ್ಟು ನೀರು?

ತೀರ್ಪಿನಲ್ಲಿ ಕರ್ನಾಟಕಕ್ಕೆ ಸಿಕ್ಕಿದ್ದು 13.42 ಟಿಎಂಸಿ. ಅದರಲ್ಲಿ 8.02 ವಿದ್ಯುತ್ ಉತ್ಪಾದನೆಗೆ, 1.5 ಮಹದಾಯಿ ಕಣಿವೆಯೊಳಗಿನ ಬಳಕೆಗೆ. ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.9 ಮಾತ್ರ: ಕಳಸಾದಿಂದ 1.72, ಬಂಡೂರಿಯಿಂದ 2.18. ನಾವು ಕೇಳಿದ್ದು 7.56. ಅಧಿಸೂಚನೆ ಬಂದಿದ್ದು 2020ರ ಫೆಬ್ರವರಿಯಲ್ಲಿ, ಪರಿಷ್ಕೃತ ಯೋಜನಾ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ ಸಿಕ್ಕಿದ್ದು 2022ರ ಡಿಸೆಂಬರ್ ಕೊನೆಗೆ. ಅಲ್ಲಿಂದ ವಿಷಯ ಅರಣ್ಯ, ವನ್ಯಜೀವಿ ಅನುಮತಿಗಳ ಸುಳಿಗೆ ಬಿತ್ತು. ಪ್ರತಿ ಚುನಾವಣೆಯಲ್ಲಿ ಎಲ್ಲ ಪಕ್ಷಗಳೂ ಇದನ್ನು "ತಂದೇ ತರ್ತೀವಿ" ಅನ್ನುತ್ತವೆ.

ನಾನು ಈ ಯೋಜನೆಯ ವಿರೋಧಿ ಅಲ್ಲ. ಹುಬ್ಬಳ್ಳಿ–ಧಾರವಾಡಕ್ಕೆ ಮತ್ತು ದಾರಿಯ ಊರುಗಳಿಗೆ ಕುಡಿಯುವ ನೀರು ಬೇಕು. 2016ರ ಜುಲೈನಲ್ಲಿ ಮಧ್ಯಂತರ ಅರ್ಜಿ ತಿರಸ್ಕೃತವಾದಾಗ ನವಲಗುಂದ ಭಾಗದ ಜನ ತಿಂದ ಲಾಠಿ ಏಟು ಸುಳ್ಳಲ್ಲ. ಆದರೆ ನಮ್ಮ ರೈತರಿಗೆ ಈ ನೀರಿನ ಬಗ್ಗೆ ಹುಟ್ಟಿಸಿದ ಆಸೆ ಮತ್ತು ಅಂಕಿ ಎರಡನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಬೇಕು. 3.9 ಟಿಎಂಸಿ ಅಂದರೆ ಸುಮಾರು 11 ಕೋಟಿ ಘನ ಮೀಟರ್. ಅದಷ್ಟನ್ನೂ 2.18 ಲಕ್ಷ ಹೆಕ್ಟೇರಿನ ಮೇಲೆ ಸಮನಾಗಿ ಹರಡಿದರೆ ನಿಲ್ಲುವುದು 5 ಸೆಂಟಿಮೀಟರ್. ಒಂದು ಸಲದ ಹಗುರ ನೀರು. ಅದೂ ಯೋಜನೆಯ ಅಧಿಕೃತ ಉದ್ದೇಶ ಕುಡಿಯುವ ನೀರು, ಹೊಲಕ್ಕಲ್ಲ.

ಈಗ ಮಾಮಾನ ಪ್ರಶ್ನೆಗೆ ಬರೋಣ. ಹೊಳೆದಂಡೆಯಲ್ಲಿ 10 ಎಚ್‌ಪಿ ಮೋಟಾರ್ ಒಂದು. ನೀರು ಎತ್ತುವ ಎತ್ತರ 20 ಮೀಟರ್. ದಕ್ಷತೆ ಅರ್ಧ. ಸೆಕೆಂಡಿಗೆ ಸುಮಾರು 19 ಲೀಟರ್ ಬರುತ್ತದೆ. ದಿನಕ್ಕೆ ಏಳು ತಾಸು, ವರ್ಷಕ್ಕೆ ನೂರು ದಿನ ಓಡಿಸಿದರೆ ಸುಮಾರು 48 ಸಾವಿರ ಘನ ಮೀಟರ್. ಇಂಥವು ಸಾವಿರ ಇದ್ದರೆ? 4.8 ಕೋಟಿ ಘನ ಮೀಟರ್, ಅಂದರೆ 1.7 ಟಿಎಂಸಿ.

ಕಳಸಾದಿಂದ ನಮಗೆ ಸಿಕ್ಕಿದ್ದು 1.72.

ಸಾವಿರ ಅನ್ನುವುದು ಉದಾಹರಣೆಗೆ ಹಿಡಿದ ಅಂಕಿ. ಎತ್ತಿದ ನೀರಿನಲ್ಲಿ ಸ್ವಲ್ಪ ಮರಳಿ ನೆಲಕ್ಕೆ ಇಳಿಯುತ್ತದೆ ಅನ್ನುವುದೂ ನಿಜ. ಆದರೆ ಖಾನಾಪುರದಿಂದ ಸವದತ್ತಿಯವರೆಗೆ ಹೊಳೆದಂಡೆಯಲ್ಲಿ ಒಂದು ದಿನ ಬೈಕ್ ಓಡಿಸಿ ನೋಡಿ. ನೀರಿಗೆ ಇಳಿಬಿಟ್ಟ ಪೈಪುಗಳು, ಕಣ್ಣು ಹಾಯುವವರೆಗೆ ಕಬ್ಬು. ಎಪ್ಪತ್ತರ ದಶಕದ ಆರಂಭದಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಈ ದೃಶ್ಯ ಇರಲಿಲ್ಲ. ನಾವು ಗಡಿಯಾಚೆಯ ನ್ಯಾಯಮಂಡಳಿಯಲ್ಲಿ ದಶಕಗಟ್ಟಲೆ ಹೋರಾಡಿ ಪಡೆಯುವಷ್ಟು ನೀರು ನಮ್ಮದೇ ಹೊಳೆಯಲ್ಲಿ ಯಾವ ದಾಖಲೆಯೂ ಇಲ್ಲದೆ ಖರ್ಚಾಗುತ್ತಿರಬಹುದು. 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ಕರೆಂಟು ಉಚಿತ. ಬಿಲ್ಲಿಲ್ಲ, ಹಾಗಾಗಿ ಮೀಟರಿನ ಚಿಂತೆ ಯಾರಿಗೂ ಇಲ್ಲ. ಮೀಟರಿಲ್ಲ, ಹಾಗಾಗಿ ಲೆಕ್ಕವೂ ಇಲ್ಲ.

ಮಾಮಾ ಕಳ್ಳರಲ್ಲ

ಇಷ್ಟು ಓದಿದವರಿಗೆ ಮೇಲಿನ ದಂಡೆಯ ರೈತರೇ ಖಳನಾಯಕರು ಅನ್ನಿಸಬಹುದು. ಅಲ್ಲೇ ನಾನು ತಡೆಯಬೇಕು. ನನ್ನ ಇಂಜಿನಿಯರಿಂಗ್ ಫೀಸಿಗೆ ದುಡ್ಡು ಕೊಟ್ಟಿದ್ದು ಅದೇ ಕಬ್ಬು. ನಮ್ಮ ಮನೆಯ ಬೋರ್‌ವೆಲ್ ಬತ್ತಿದ ವರ್ಷ ಮಾಮಾನ ಫ್ಯಾಕ್ಟರಿ ಬಿಲ್ ಬಂದಿದ್ದಕ್ಕೆ ನನ್ನ ಸೆಮಿಸ್ಟರ್ ಉಳಿಯಿತು. ಈ ಲೇಖನದ ಲೆಕ್ಕ ಹಾಕಲು ಕಲಿತಿದ್ದೇ ಲೆಕ್ಕಕ್ಕೆ ಸಿಗದ ಆ ನೀರಿನಿಂದ.

ಕೆಲವು ವರ್ಷದ ಹಿಂದೆ, ಪತ್ರಿಕೋದ್ಯಮಕ್ಕೆ ಬಂದ ಮೇಲೆ, ಈ ಮಾತು ಅವರ ಮುಂದೆ ಎತ್ತಿದೆ. ಅವರು ಸಿಟ್ಟಾಗಲಿಲ್ಲ.

"ಡ್ಯಾಮ್ ಕಟ್ಟುವಾಗ ನಮ್ಮ ಮಂದಿ ಹೊಲಾ ಮುಳುಗಿದ್ವು. ಕಾಲುವಿ ಹೋಗಿದ್ದು ಕೆಳಗಿನವರಿಗೆ. ಹೊಳಿ ನಮ್ಮ ಮನಿ ಮುಂದ ಹರಿತೈತಿ, ನಾವು ಎತ್ತಿದ್ರ ಕಳುವು, ಅವರಿಗೆ ಹೋದ್ರ ನೀರಾವರಿ. ಇದ್ಯಾವ ನ್ಯಾಯ ಹೇಳು ನೋಡೂನು?"

ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಆದರೆ ಇಷ್ಟಂತೂ ತಿಳಿದಿದೆ: ಮಾಮಾನ ಮೋಟಾರ್ ಲೆಕ್ಕಕ್ಕೆ ಇಲ್ಲದಿರುವುದು ಅವರಿಗೂ ರಕ್ಷಣೆಯಲ್ಲ. ಲೆಕ್ಕದಲ್ಲಿಲ್ಲದ ನೀರಿಗೆ ಹಕ್ಕೂ ಇಲ್ಲ. ಬರದ ವರ್ಷ ಕುಡಿಯುವ ನೀರಿನ ಹೆಸರಲ್ಲಿ ಅಧಿಕಾರಿಗಳು ಬಂದು ದಂಡೆಯ ಮೋಟಾರುಗಳ ಕರೆಂಟ್ ಕಿತ್ತಾಗ, "ಇಷ್ಟು ನಮ್ಮ ಪಾಲು" ಅಂತ ತೋರಿಸಲು ಅವರ ಕೈಯಲ್ಲಿ ಒಂದು ಕಾಗದ ಇರುವುದಿಲ್ಲ. ಇತ್ತ ಕಾಲುವೆಯ ಕೊನೆಯಲ್ಲಿ ಕೂತ ನರಗುಂದದ ರೈತರ ಬಳಿ ಕಾಗದ ಇದೆ, ನೀರಿಲ್ಲ.

ಆ ಕಾಗದದ ಬೆಲೆ ಏನು ಅಂತ 1980ರಲ್ಲಿ ಗೊತ್ತಾಗಿದೆ. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಕಟ್ಟು ಅಂದಾಗ ನರಗುಂದ, ನವಲಗುಂದದ ರೈತರು ಬೀದಿಗಿಳಿದರು. ಜುಲೈ 21ರಂದು ಗೋಲಿಬಾರ್ ಆಯಿತು, ರೈತರು ಸತ್ತರು. ರಾಜ್ಯ ರೈತ ಸಂಘ ಹುಟ್ಟಿದ್ದು ಆ ಕಿಚ್ಚಿನಲ್ಲಿ. ಪ್ರತಿ ವರ್ಷ ಆ ದಿನ ನಾಯಕರು ಹುತಾತ್ಮರ ಸ್ಮಾರಕಕ್ಕೆ ಹಾರ ಹಾಕುತ್ತಾರೆ, ಮಹದಾಯಿಯ ಮಾತಾಡುತ್ತಾರೆ. ಆದರೆ ಆ ಬಂಡಾಯದ ಮೂಲದಲ್ಲಿದ್ದುದು ಒಂದು ಸರಳ ಲೆಕ್ಕದ ತಕರಾರು ಎಂಬುದನ್ನು ಮರೆತಿದ್ದೇವೆ. ಸರ್ಕಾರದ ಪುಸ್ತಕದಲ್ಲಿ ನೀರಾವರಿ ಆಗಿತ್ತು, ಹೊಲದಲ್ಲಿ ಆಗಿರಲಿಲ್ಲ.

ಮುಂದಿನ ಮಳೆ ಏನು ಹೇಳುತ್ತಿದೆ

ಮಲಪ್ರಭಾ ಜಲಾಶಯದ ಮೇಲಿನ ಕಣಿವೆ ಸಂಶೋಧಕರಿಗೆ ಬಹಳ ಪರಿಚಿತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2008ರಲ್ಲಿ ಪ್ರಕಟಿಸಿದ ಅಧ್ಯಯನ, ಹವಾಮಾನ ಬದಲಾವಣೆಯಿಂದ ಇಲ್ಲಿ ಮಳೆ ಹೆಚ್ಚಬಹುದು ಎಂದಿತ್ತು. ಒಳ್ಳೇದಾಯ್ತಲ್ಲ ಅನ್ನಿಸುತ್ತದೆ. 2018ರಲ್ಲಿ ಅದೇ ಸಂಸ್ಥೆಯವರು ಆಸ್ಟ್ರೇಲಿಯಾದ ಸಂಶೋಧಕರ ಜೊತೆ ಸೇರಿ ಐದು ಹವಾಮಾನ ಮಾದರಿಗಳನ್ನು 'ಸ್ವಾಟ್'ಗೆ ಜೋಡಿಸಿ, ಈ ಶತಮಾನದ ಮಧ್ಯ ಮತ್ತು ಕೊನೆಯ ಚಿತ್ರ ತೆಗೆದರು. ಮಳೆ ಅಲ್ಪ ಹೆಚ್ಚಳ. ಆದರೆ ಶತಮಾನದ ಕೊನೆಗೆ ಹೊಳೆಯ ಹರಿವು ಅಲ್ಪ ಇಳಿಕೆ, ಅಂತರ್ಜಲ ಮರುಪೂರಣ ಇಳಿಕೆ, ಬಿಸಿಲಿನಿಂದ ಬೆಳೆಯ ನೀರಿನ ಬೇಡಿಕೆ ಏರಿಕೆ. ಮಳೆಯ ನಡುವಿನ ಒಣ ದಿನಗಳ ಸರಣಿಗಳು ಹೆಚ್ಚು.

ಮಳೆ ಹೆಚ್ಚಾದರೂ ನೀರು ಕಡಿಮೆ. ವಿಚಿತ್ರ ಅನ್ನಿಸಿದರೆ ಮೇಲಿನ ಜಮಾ–ಖರ್ಚು ನೆನಪಿಸಿಕೊಳ್ಳಿ. ಜಮಾ ತುಸು ಏರಿ, ಆವಿಯ ಖರ್ಚು ಅದಕ್ಕಿಂತ ಏರಿದರೆ ಕೈಗೆ ಉಳಿಯುವುದು ಕಡಿಮೆಯೇ. ಒಂದು ಒಳ್ಳೆಯ ಮಾದರಿ ಮಾಡುವ ಉಪಕಾರ ಇದು. ಬರೀ ಮಳೆಯ ಸುದ್ದಿ ನೋಡಿ ನಾವು ಊಹಿಸಲಾಗದ್ದನ್ನು ಅದು ಮುಂಚೆಯೇ ಹೇಳುತ್ತದೆ. ಹಾಗಾಗಿ ಮಾದರಿಗಳನ್ನು ಗಾಳಿಗೆ ತೂರಿ ಅಂತ ನಾನು ಹೇಳುತ್ತಿಲ್ಲ. ಬೇಡಿಕೆ ಏರಿದಾಗ ಮೋಟಾರುಗಳು ಇನ್ನೂ ಹೆಚ್ಚು ತಾಸು ಓಡುತ್ತವೆ, ಅದು ಮಾದರಿಯೊಳಗೆ ಇರಬೇಕು ಅನ್ನುತ್ತಿದ್ದೇನೆ.

ಈ ಏರುಪೇರನ್ನು ನಾವು ಕಂಡೂ ಆಗಿದೆ. 2019ರ ಆಗಸ್ಟ್‌ನಲ್ಲಿ ಇದೇ ಜಲಾಶಯ ತುಂಬಿ, ಗೇಟು ತೆರೆದು, ರಾಮದುರ್ಗ, ಬಾದಾಮಿ, ನರಗುಂದದ ದಂಡೆಯ ಹಳ್ಳಿಗಳು ಮುಳುಗಿದವು. ನಾಲ್ಕೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. "ಸರಾಸರಿ" ಎಂಬ ಒಂದು ಅಂಕಿ ಇಂಥ ನದಿಯ ಬಗ್ಗೆ ಏನು ಹೇಳಬಲ್ಲದು?

ಹಾಗಾದರೆ ಮಾಡೋದೇನು?

ದೊಡ್ಡ ದೊಡ್ಡ ಮಾತು ಬೇಡ. ಇವತ್ತು ಇರುವ ವ್ಯವಸ್ಥೆಯಲ್ಲೇ ಆಗುವ ನಾಲ್ಕು ಕೆಲಸ ಹೇಳುತ್ತೇನೆ.

ಒಂದು, ಎತ್ತುವಳಿ ಎಣಿಸಿ. ಪ್ರತಿ ಮೋಟಾರಿಗೆ ಮೀಟರ್ ಹಾಕಲು ಹೋದರೆ ಗಲಾಟೆ ಆಗುತ್ತದೆ, ಗೊತ್ತು. ಆದರೆ ನಿರಂತರ ಜ್ಯೋತಿ ಯೋಜನೆಯಲ್ಲಿ ಕೃಷಿ ಫೀಡರುಗಳನ್ನು ಮನೆಬಳಕೆಯ ಲೈನಿನಿಂದ ಬೇರೆ ಮಾಡಿದ್ದಾರೆ. ಹೊಳೆದಂಡೆಯ ಒಂದೊಂದು ಫೀಡರಿಗೆ ತಿಂಗಳಿಗೆ ಎಷ್ಟು ಯೂನಿಟ್ ಹೋಯಿತು ಎಂಬ ಅಂಕಿಯನ್ನು ಹೆಸ್ಕಾಂ ನೀರಾವರಿ ನಿಗಮಕ್ಕೆ ಕೊಟ್ಟರೆ ಎಷ್ಟು ನೀರು ಎತ್ತಿದರು ಎಂಬ ಒರಟು ಅಂದಾಜು ಸಿಗುತ್ತದೆ. ಯಾವ ರೈತನ ಹೆಸರೂ ಬೇಕಿಲ್ಲ. ಉಪಗ್ರಹ ಚಿತ್ರದಲ್ಲಿ ಕಬ್ಬು ಎಷ್ಟಿದೆ ಅಂತ ಅಳೆದು ತಾಳೆ ನೋಡಬಹುದು.

ಎರಡು, ಮಾದರಿಯನ್ನು ಬಯಲಿಗೆ ತನ್ನಿ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಟೆಲಿಮೆಟ್ರಿಕ್ ಮಳೆಮಾಪಕಗಳಿವೆ. ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರ 1987ರಿಂದ ಬೆಳಗಾವಿಯಲ್ಲೇ ಇದೆ. ಖಾನಾಪುರದ ಕಾಡುಗಳಲ್ಲಿ ನೀರು ಇಂಗುವ ಬಗೆಯನ್ನು ಅಲ್ಲಿಯ ವಿಜ್ಞಾನಿಗಳು ವರ್ಷಗಟ್ಟಲೆ ಅಳೆದಿದ್ದಾರೆ. ಮಲಪ್ರಭೆಗೆ ಒಂದು ಸಾರ್ವಜನಿಕ ಮಾದರಿ ಕಟ್ಟಲು ಬೇಕಾದ ಬುದ್ಧಿಯೂ ಅಂಕಿಯೂ ಒಂದೇ ಜಿಲ್ಲೆಯಲ್ಲಿವೆ. ಅಂಕಿ, ಸೂತ್ರ, ಊಹೆ ಎಲ್ಲವನ್ನೂ ಯಾರು ಬೇಕಾದರೂ ಇಳಿಸಿಕೊಂಡು ಓಡಿಸಿ ನೋಡುವಂತಿರಲಿ. ಈ ಭಾಗದ ಪ್ರತಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನಂಥ ಹುಡುಗರು, ಹುಡುಗಿಯರು ಕೂತಿದ್ದಾರೆ. ಅವರ ಪ್ರಾಜೆಕ್ಟು ಬೈಂಡಿಂಗ್ ಆಗಿ ಕಪಾಟು ಸೇರುವ ಬದಲು ನದಿಗೆ ಕೆಲಸಕ್ಕೆ ಬರಲಿ.

ಮೂರು, ಒಂದೇ ಅಂಕಿ ಹೇಳುವ ಚಟ ಬಿಡಿ. "ಈ ವರ್ಷ ಇಷ್ಟು ಟಿಎಂಸಿ ಬರುತ್ತದೆ" ಅನ್ನುವ ಬದಲು "ಹತ್ತರಲ್ಲಿ ಏಳು ಪಾಲು ಇಷ್ಟರಿಂದ ಇಷ್ಟರೊಳಗೆ" ಅಂತ ಹೇಳಿ. ರೈತರಿಗೆ ಅದು ಅರ್ಥವಾಗಲ್ಲ ಅನ್ನುವುದು ಅಹಂಕಾರ. ಮಳೆ ನಕ್ಷತ್ರ ನೋಡಿ, ಅರ್ಧ ಹೊಲಕ್ಕೆ ಜೋಳ, ಅರ್ಧಕ್ಕೆ ಕಡಲೆ ಅಂತ ಅಪಾಯ ಹಂಚಿಕೊಂಡು ಬಿತ್ತುವ ಜನಕ್ಕಿಂತ ಚೆನ್ನಾಗಿ ಸಂಭವನೀಯತೆ ಯಾರಿಗೆ ಗೊತ್ತು?

ನಾಲ್ಕು, ನೀರು ಬಿಡುವ ತೀರ್ಮಾನ ಮಾಡುವ ನೀರಾವರಿ ಸಲಹಾ ಸಮಿತಿಯಲ್ಲಿ ಮೇಲಿನ ದಂಡೆಯವರೂ, ಕಾಲುವೆಯ ಕೊನೆಯವರೂ ಒಟ್ಟಿಗೆ ಕೂರಲಿ. ಕೂರುವ ಮುನ್ನ ಇಬ್ಬರ ಕೈಯಲ್ಲೂ ಅದೇ ಲೆಕ್ಕದ ಹಾಳೆ ಇರಲಿ. ಮುಳುಗಡೆಯ ಹಳೆಯ ಅನ್ಯಾಯಕ್ಕೆ ಮೇಲಿನವರಿಗೆ ಒಂದು ನಿಗದಿತ, ಕಾನೂನುಬದ್ಧ ಪಾಲು ಸಿಗಲಿ. ಅದರಾಚೆ ಎತ್ತಿದರೆ ಅದು ಯಾರ ಪಾಲು ಎಂಬುದು ಎಲ್ಲರಿಗೂ ಕಾಣಲಿ.

ಇದನ್ನೆಲ್ಲ ಮಾಡಿದರೆ ಮಹದಾಯಿ ಬೇಡವಾಗುತ್ತದೆ ಅಂತಲ್ಲ. ನಮ್ಮ ಹೊಳೆಯ ಪ್ರತಿ ಹನಿಯ ಲೆಕ್ಕ ಮೇಜಿನ ಮೇಲಿಟ್ಟು ಹೋದರೆ ಗೋವಾದ ಎದುರು ನಮ್ಮ ವಾದಕ್ಕೆ ತೂಕ ಬರುತ್ತದೆ. "ಮೊದಲು ನಿಮ್ಮ ಕಬ್ಬಿನ ಲೆಕ್ಕ ಹೇಳಿ" ಅಂತ ಅವರು ಕೇಳುವ ಮೊದಲೇ ನಾವು ಹೇಳಿರಬೇಕು.

ಕಳೆದ ಸಲ ಊರಿಗೆ ಹೋದಾಗ ಹಳೆಯ ಫೈಲ್ ತೆರೆದು, ಮಾದರಿಯಲ್ಲಿ ದಂಡೆಯ ಎತ್ತುವಳಿಗೆ ಒಂದು ಸಾಲು ಸೇರಿಸಿದೆ. ಬರೀ ಅಂದಾಜು. ಮಣ್ಣಿನ ಸಂಖ್ಯೆಗಳನ್ನು ಮೊದಲಿದ್ದಲ್ಲಿಗೆ ತಿರುಗಿಸಿದೆ. ನವೆಂಬರ್‌ನ ಗೆರೆ ಈ ಸಲ ತಾನಾಗಿಯೇ ಕೆಳಗಿಳಿಯಿತು. ಮಾಮಾನಿಗೆ ತೋರಿಸಿದೆ. ಈಗ ಅವರಿಗೆ ಕಣ್ಣು ಅಷ್ಟು ಕಾಣುವುದಿಲ್ಲ. ನಾನೇ ಬೆರಳಿಟ್ಟು, ಇಲ್ಲಿದೆ ನೋಡಿ ನಿಮ್ಮ ಮೋಟಾರ್ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಂಗಾರ ನಾ ಎಷ್ಟ್ ಎತ್ತಬೇಕು ಅಂತಲೂ ಇದು ಹೇಳ್ತೈತೇನು?"

ಇಲ್ಲ, ಅದನ್ನು ಯಾವ ಮಾದರಿಯೂ ಹೇಳುವುದಿಲ್ಲ. ಅದನ್ನು ನಾವು ಕೂತು ಮಾತಾಡಿ ತೀರ್ಮಾನಿಸಬೇಕು. ಆದರೆ ಕೂರುವುದಕ್ಕೆ ಮೊದಲು ಮೋಟಾರ್ ನಕ್ಷೆಯಲ್ಲಿರಬೇಕು.